ಕೆಂಡದಜ್ಜಿಯ ಕಥೆ ಯಾರ ಮನೆಯದು

ಲೇಕ್ ಗಾರ್ಡನ್ಸ್ ಬಡಾವಣೆಯ ಆ ಕಟ್ಟಡದಲ್ಲಿ ಶನಿವಾರ ಬೆಳಗಾಯಿತೆಂದರೆ, ಕೋಕಿಲಾ ತನ್ನ ಒಲೆಗಿಂತ ಮೊದಲು ಕೆಳಗಿನ ಮನೆಯ ಒಲೆ ಹಚ್ಚಬೇಕು. ಅಲ್ಲಿರುವವಳು ಫ್ಲೋರಾ ಆಂಟಿ, ಯಹೂದಿ ಮುದುಕಿ. ಶನಿವಾರ ಅವರಿಗೆ ಸಬ್ಬತ್, ಬೆಂಕಿ ಮುಟ್ಟುವಂತಿಲ್ಲ. ಒಡಹುಟ್ಟಿದವರೆಲ್ಲ ಇಸ್ರೇಲು, ಲಂಡನ್ನು ಎಂದು ಹೊರಟುಹೋದರೂ ಈಕೆ ಮಾತ್ರ ಜಗ್ಗಲಿಲ್ಲ. ರೈಲ್ವೆ ನೌಕರಿಯ ಗಂಡ ಓಂಕಾರಪ್ಪನ ಹಿಂದೆ ದಾವಣಗೆರೆಯಿಂದ ಬಂದಿಳಿದ ಕೋಕಿಲಾಗೆ ಕನ್ನಡವೇ ಕೇಳದ ಈ ದೂರದ ಊರಲ್ಲಿ ಮೊದಲು ಬಾಗಿಲು ತೆರೆದದ್ದೂ ಈಕೆಯೇ. ಆ ಋಣಕ್ಕೆ ಒಂದು ಲೋಟ ಚಹಾ ಯಾವ ಲೆಕ್ಕ?

ಈಚೆಗೆ ಆಂಟಿಗೆ ಮರೆವು. ಕೋಕಿಲಾ ಬಂದು ಒಲೆ ಹಚ್ಚಿದರೆ ಮಾತ್ರ ಅವಳಿಗೆ ಶನಿವಾರ.

ಇಂಥ ಹೊತ್ತಲ್ಲಿ ಬಂದಳು ಶ್ರೀರಕ್ಷಾ, ಬೆಂಗಳೂರಿನ ಹುಡುಗಿ. ಬಾಗ್ದಾದಿನಿಂದ ಇಲ್ಲಿಗೆ ಬಂದ ಯಹೂದಿಗಳ ಜನಪದ ಕಥೆಗಳ ಮೂಲ ಹುಡುಕುವುದು ಅವಳ ಸಂಶೋಧನೆಯಂತೆ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಕೋಕಿಲಾ ಹಿಗ್ಗಿ ಅವಳನ್ನು ತಾನೇ ಕರೆದೊಯ್ದು ಆಂಟಿಯ ಮುಂದೆ ಕೂರಿಸಿದಳು. ತಾನೇ ಮಾಡಿಕೊಂಡ ಕೆಲಸ, ಯಾರನ್ನು ಬೈಯೋಣ!

ಆಂಟಿ ಹಿಂದಿಯಲ್ಲಿ ಶುರುಮಾಡಿದಳು. "ಇದು ನಮ್ಮಜ್ಜಿ ಹೇಳ್ತಿದ್ದ ಕಥೆ. ಒಬ್ಬ ಮುದುಕಿ ಊರಿಗೆಲ್ಲ ಕೆಂಡ ಕೊಡ್ತಿದ್ದಳು. ಒಂದು ದಿನ ಅವಳ ಒಲೆಯೇ ಆರಿಹೋಯ್ತು. ಬೆಂಕಿ ಬೇಡೋಕೆ ಹೊರಟರೆ, ಹೋದ ಮನೇಲೆಲ್ಲ, 'ನಿನ್ನದೇ ಬೆಂಕಿ ಅಜ್ಜೀ, ನಮ್ಮನ್ಯಾಕೆ ಕೇಳ್ತೀಯ, ತಗೊಂಡು ಹೋಗು' ಅಂದರು..."

ಅಯ್ಯೋ ಶಿವನೇ, ಇದು ಕೋಕಿಲಾಳ ಅವ್ವನ ಕಥೆ! ಅಪ್ಪ ತೀರಿಕೊಂಡ ವರ್ಷ, ಮಕ್ಕಳ ಅಳು ನಿಲ್ಲಿಸಲು ಅವ್ವ ತಾನೇ ಕಟ್ಟಿ ಹೇಳಿದ್ದು. ಅವ್ವ ಹೋಗಿಯೂ ವರ್ಷಗಳಾದವು. ಅವಳದೊಂದು ಫೋಟೊ ಕೂಡ ಇಲ್ಲ, ಉಳಿದದ್ದು ಈ ಕಥೆಯೊಂದೇ. ಯಾವುದೋ ಶನಿವಾರ ಒಲೆ ಹಚ್ಚುತ್ತಾ ಕೋಕಿಲಾಳೇ ಅದನ್ನು ಆಂಟಿಗೆ ಹೇಳಿದ್ದಳು.

"ಬೇರೆಲ್ಲೂ ಸಿಕ್ಕಿರ್ಲಿಲ್ಲ ಈ ಕಥೆ!" ಶ್ರೀರಕ್ಷಾ ಕೋಕಿಲಾಳತ್ತ ತಿರುಗಿ ಕನ್ನಡದಲ್ಲಿ ಹೇಳಿದಳು. "ನನ್ನ ಪುಸ್ತಕದಲ್ಲಿ ಇದೇ ಮೊದಲು ಬರುತ್ತೆ. ಬಾಗ್ದಾದಿನ ಅಜ್ಜಿ ಕಥೆ!"

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೂ ಅವ್ವನ ಕಥೆ ಇನ್ನೊಬ್ಬರ ಹೆಸರಲ್ಲಿ ಅಚ್ಚಾಗುವುದೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

"ಅದು ನಮ್ಮವ್ವನ ಕಥೆ ಕಣಮ್ಮ. ನಾನೇ ಇವರಿಗೆ ಹೇಳಿದ್ದು. ಪಾಪ, ಮರ್ತುಬಿಟ್ಟಿದಾರೆ."

"ಏನಂದೆ?" ಆಂಟಿ ಗದರಿದಳು. "ನನ್ನ ಮನೇಲಿ ಕೂತು ನನಗೆ ತಿಳಿಯದ ಮಾತಾಡ್ಬೇಡ. ಹೇಳು."

ಕೋಕಿಲಾ ತಡವರಿಸುತ್ತಾ ಹಿಂದಿಯಲ್ಲಿ ಹೇಳಿದಳು.

ಮುದುಕಿ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು. ಗೌನಿನ ಅಂಚು ತಿರುಚುತ್ತಾ ಕೂತವಳು ಮೆಲ್ಲಗೆ ಕೇಳಿದಳು, "ಹಾಗಾದ್ರೆ ನಮ್ಮಜ್ಜಿ ಹೇಳ್ತಿದ್ದದ್ದು ಯಾವ ಕಥೆ?"

ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಹುಡುಕಿದಳು. ಒಂದೂ ಸಿಗಲಿಲ್ಲ. "ಈ ಕಥೆ ಹೇಳುವಾಗ ಅಜ್ಜಿ ಮುಖ ಕಾಣ್ತಿತ್ತು ಕೋಕಿಲಾ. ಈಗ ಅದೂ ಕಾಣ್ತಿಲ್ಲ," ಎಂದು ಮಗುವಿನ ಹಾಗೆ ಅತ್ತಳು.

ನಿಜ ಹೇಳಿ ಸಾಧಿಸಿದ್ದಾದರೂ ಏನು? ಕೋಕಿಲಾ ಓಡಿಹೋಗಿ ಆಂಟಿಯ ಕೈ ಹಿಡಿದುಕೊಂಡಳು.

"ಇಲ್ಲ ಆಂಟಿ, ಮರೆವು ನನಗೇ ಬಂದದ್ದು. ನಾನು ಈ ಊರಿಗೆ ಬಂದ ಹೊಸದರಲ್ಲಿ ನೀವೇ ಅಲ್ವಾ ನನಗಿದನ್ನ ಹೇಳಿದ್ದು? ಕಥೆ ನಿಮ್ಮಜ್ಜಿಯದೇ."

"ನಿಜವಾ?"

"ನಮ್ಮವ್ವನಾಣೆ."

ಮುದುಕಿ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಹೇಳತೊಡಗಿದಳು. ಬಾಗಿಲ ಬಳಿ ಕೋಕಿಲಾ ಬೀಳ್ಕೊಡುವಾಗ ಶ್ರೀರಕ್ಷಾ, "ನಾನೇನು ಬರೀಲಿ?" ಎಂದು ಕೇಳಿದಳು. "ಅವರಜ್ಜಿದು ಅಂತಾನೇ ಬರಿಯಮ್ಮ," ಎಂದು ಕೋಕಿಲಾ ಮೆಟ್ಟಿಲು ಹತ್ತಿಬಿಟ್ಟಳು.

ಮೇಲೆ ಅಡುಗೆಮನೆಯಲ್ಲಿ ಅವಳು ಬಿಕ್ಕುವುದು ಕೇಳಿ ಓಂಕಾರಪ್ಪ ಗಾಬರಿಯಿಂದ ಬಂದ. "ಏನಾತೇ? ಆಂಟಿಗೇನಾದ್ರೂ ಆತಾ?"

"ಅವರು ಚೆನ್ನಾಗಿದಾರೆ," ಎಂದಳು ಕೋಕಿಲಾ. "ನಮ್ಮವ್ವ ಇವತ್ತು ಹೋದ್ಲು ಕಣ್ರೀ."