ಬಾವಿಯ ಹಿಂದಿನ ಪಾತಿ

ತೊಂಡಾಮುತ್ತೂರಿನ ನಮ್ಮ ತೋಟದ ತರಕಾರಿಯನ್ನು ಅಪ್ಪ ವಾರಕ್ಕೊಮ್ಮೆ ವ್ಯಾನಿನಲ್ಲಿ ನಗರದ ಗಣಪತಿ ಬಡಾವಣೆಯ ಕಾರ್ಮಿಕರ ವಠಾರಕ್ಕೆ ಒಯ್ಯುತ್ತಿದ್ದರು. ಅಲ್ಲಿನ ಅಂಗಡಿಗಳಲ್ಲಿ ಚಿಪ್ಸು, ಬಿಸ್ಕತ್ತು ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ಹೆಂಗಸರು ಅಪ್ಪನಿಗೆ ಕೈಮುಗಿಯುತ್ತಿದ್ದರು. ನಾವೂ ಪುಣ್ಯ ಕಟ್ಟಿಕೊಂಡವರಂತೆ ಬೀಗುತ್ತಿದ್ದೆವು.

ಒಮ್ಮೆ ಆ ವಠಾರದ ಬಸುರಿಯೊಬ್ಬಳು, ಮೈಸೂರು ಕಡೆಯವಳು, ತೋಟ ನೋಡಲು ಬಂದು ಬಾವಿಯ ಹಿಂದಿನ ಪಾತಿಯಲ್ಲಿ ಬದನೆಕಾಯಿ ಕೊಯ್ದಳು. ಅಮ್ಮ ಓಡಿಹೋಗಿ ಅವಳ ಮಡಿಲಿನಿಂದ ಅವನ್ನು ಕಿತ್ತುಕೊಂಡಳು.

“ಅದು ನಮ್ಮೂಟಕ್ಕಮ್ಮಾ. ಅದ್ಕೆ ಹುಳ ಸಾಯೋ ಮರುಂದು ಹೊಡೆಯಲ್ಲ.”

“ಹಂಗಾದ್ರೆ ನಮಗೆ ಕೊಡೋದಕ್ಕೆ, ಅಕ್ಕಾ?”

ಅಮ್ಮ ಮಾರುವ ಪಾತಿಯಿಂದ ಒಂದು ಕಟ್ಟು ಕೊತ್ತಂಬರಿ ಕಿತ್ತು ಪುಕ್ಕಟೆ ಕೊಟ್ಟಳು.

ಮುಂದಿನ ವಾರವೂ ಅವಳು ವ್ಯಾನಿನ ಬಳಿ ಬಂದಳು. ಬೇರೆಲ್ಲಿಗೆ ಹೋದಾಳು? ಬದನೆಕಾಯಿಯನ್ನೇ ಕೇಳಿದಳು. ಅಪ್ಪ ನಗುತ್ತಾ ತೂಗಿ ಕೊಟ್ಟರು.