ಪರ್ಕಳದ ಬಾರಿನಲ್ಲಿ ಒಂದು ಅಮೆರಿಕನ್ ಚಾಪ್ಸಿ

ದಾವಣಗೆರೆಯ ಬಸ್ಸು ಬೆಳಗ್ಗೆ ಉಡುಪಿಯಲ್ಲಿ ಇಳಿಸಿತು. ನಮ್ಮ ಕಡೆಯ ಬಿಸಿಲು ಸುಡುತ್ತದೆ, ಇಲ್ಲಿಯದು ಮೈಗೆ ಅಂಟುತ್ತದೆ. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಲೇ ನಿಲ್ದಾಣದ ಹತ್ತಿರದ ಲಾಡ್ಜಿಗೆ ಹೋದೆ. ‘ಎಷ್ಟು ಜನ?’ ಎಂದರು. ಒಬ್ಬಳೇ ಎಂದೆ. ‘ದೇವಸ್ಥಾನಕ್ಕಾ?’ ಎಂದರು. ಹೌದು ಎಂದುಬಿಟ್ಟೆ. ಬಾರಿಗೆ ಬಂದಿದ್ದೇನೆ ಎಂದು ಬೆಳ್ಳಂಬೆಳಗ್ಗೆ ಹೇಗೆ ಹೇಳುವುದು?

ನಮ್ಮವರು ಔಷಧಿ ಕಂಪನಿಯೊಂದರ ಪ್ರತಿನಿಧಿಯಾಗಿ ಈ ಸೀಮೆಯಲ್ಲಿ ಹಲವು ವರ್ಷ ತಿರುಗಿದರು. ಉಡುಪಿ ಹತ್ತಿರದ ಪರ್ಕಳದಲ್ಲಿ ಬಾಡಿಗೆ ಕೋಣೆ, ತಿಂಗಳಿಗೊಮ್ಮೆ ಊರು. ನನ್ನ ಟೀಚರ್ ಕೆಲಸ, ಮಗಳು ಸುಮಾಳ ಓದು ಎರಡೂ ದಾವಣಗೆರೆಯಲ್ಲಿ. ಸಂಜೆ ಫೋನ್ ಮಾಡಿ ‘ಊಟ ಏನ್ರೀ?’ ಎಂದರೆ ‘ಅಮೆರಿಕನ್ ಚಾಪ್ಸಿ’ ಎನ್ನುತ್ತಿದ್ದರು. ತಿಂಡಿ ಚೀನಾದ್ದಂತೆ, ಹೆಸರು ಅಮೆರಿಕದ್ದಂತೆ, ಸಿಗುವುದು ಪರ್ಕಳದ ಬಾರಿನಲ್ಲಂತೆ! ಹಿಂದಿನಿಂದ ಸಂತೆಯಂಥ ಗದ್ದಲ, ನಗು. ‘ಗೆಳೆಯರೆಲ್ಲ ಕೂತಿದೀವಿ, ನೀನೇನೂ ಚಿಂತೆ ಮಾಡಬೇಡ’ ಎನ್ನುತ್ತಿದ್ದರು. ಸುಮಾಳಿಗೆ ಬಡಿಸಿದ ಮೇಲೆ ಮನೆಯಲ್ಲಿ ಒಬ್ಬಳೇ ತಟ್ಟೆ ಹಾಕಿಕೊಂಡು ಕೂತ ನನಗೆ ಹೊಟ್ಟೆ ಉರಿಯುತ್ತಿತ್ತು.

ಹೋದ ವರ್ಷ ಊರಿಗೆ ಬಂದಿದ್ದಾಗ ಎದೆನೋವು ಬಂದು ತೀರಿಕೊಂಡರು. ಅಷ್ಟು ಗೆಳೆಯರಲ್ಲಿ ಒಬ್ಬನಾದರೂ ಬರಬೇಕಲ್ಲ? ಒಂದು ಫೋನೂ ಇಲ್ಲ. ನನಗೆ ಗೊತ್ತಿದ್ದ ಹೆಸರು ಒಂದೇ, ಸದಾನಂದ. ಅವರ ಮುಖ ನೋಡಿ ‘ಇದೇನಾ ನಿಮ್ಮ ಗೆಳೆತನ?’ ಎಂದು ಕೇಳಬೇಕು. ಅದಕ್ಕಾಗಿಯೇ ನಾನು ಹೊರಟದ್ದು.

ಬಾರು ತುಂಬುವುದು ಸಂಜೆಗೆ ಎಂದು ಗೊತ್ತಿತ್ತು. ಅಲ್ಲಿಯವರೆಗೆ ನಮ್ಮವರು ಓಡಾಡುತ್ತಿದ್ದ ದಾರಿಯನ್ನೇ ಹಿಡಿದೆ. ಕಾಪುವಿನ ಬಸ್ಸಿನಲ್ಲಿ ಮೀನಿನ ಬುಟ್ಟಿಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು, ನಾನು ಮೂಗು ಮುಚ್ಚಿಕೊಂಡದ್ದನ್ನು ನೋಡಿ ನಕ್ಕಳು. ಅಲ್ಲಿಯ ಕಡಲ ದಂಡೆಯ ದೀಪಸ್ತಂಭದ ಬುಡದಲ್ಲಿ ಸ್ವಲ್ಪ ಹೊತ್ತು ನಿಂತೆ. ಸುತ್ತ ಎಲ್ಲರೂ ಜೋಡಿಯಾಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ಹುಡುಗಿ ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟು ‘ಆಂಟಿ, ನಮ್ಮದೊಂದು ತೆಗೀತೀರಾ?’ ಎಂದಳು. ತೆಗೆದುಕೊಟ್ಟೆ. ನಿಮ್ಮದೂ ತೆಗೆಯಲಾ ಎಂದು ಅವಳು ಕೇಳಲಿಲ್ಲ.

ಪೇಟೆಯ ಔಷಧಿ ಅಂಗಡಿಯಲ್ಲಿ ಇವರ ಹೆಸರು ಹೇಳಿ ಗೆಳೆಯರ ಬಗ್ಗೆ ವಿಚಾರಿಸಿದೆ. ಅಂಗಡಿಯವರು ತಲೆ ಕೆರೆದುಕೊಂಡರು. ‘ಬರುತ್ತಿದ್ದರು, ಆರ್ಡರ್ ತಗೊಂಡು ಹೋಗುತ್ತಿದ್ದರು. ಪಾಪದ ಜನ. ಮಾತು ಕಮ್ಮಿ.’ ಮನೆಯಲ್ಲಿ ಬಾಯಿ ಮುಚ್ಚದ ಮನುಷ್ಯನಿಗೆ ಮಾತು ಕಮ್ಮಿಯಂತೆ! ಬೇರೆ ಯಾರನ್ನೋ ನೆನೆಸಿಕೊಂಡಿರಬೇಕು ಎಂದುಕೊಂಡೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದರೆ ಅಲ್ಲಿಯೂ ಅದೇ ಮಾತು. ಗೊಮ್ಮಟನ ಬೆಟ್ಟವನ್ನು ಕೆಳಗಿನಿಂದಲೇ ನೋಡಿ, ಒಂದು ಸೋಡಾ ಕುಡಿದು, ಹಿರಿಯಡ್ಕದ ಮೇಲೆ ಹೋಗುವ ಬಸ್ಸು ಹತ್ತಿ ಪರ್ಕಳದಲ್ಲಿ ಇಳಿದೆ. ಇನ್ನೂ ಬೆಳಕಿತ್ತು.

ಬಾರು ಸಣ್ಣದು. ಬಾಗಿಲಲ್ಲೇ ನಡುವಯಸ್ಸಿನ ಬಡಿಸುವವರೊಬ್ಬರು ನನ್ನನ್ನು ತಡೆದರು. ‘ಅಮ್ಮ, ಹೆಂಗಸರಿಗೆ ಮೇಲೆ ಫ್ಯಾಮಿಲಿ ರೂಮು ಉಂಟು.’

‘ನನಗೆ ಇಲ್ಲೇ ಬೇಕು. ಸದಾನಂದ ಅನ್ನೋರು ಬಂದಿದಾರಾ?’

‘ನಾನೇ ಸದಾನಂದ. ಎಂತ ಆಗಬೇಕಿತ್ತು?’

ಇವರ ಹೆಸರು ಹೇಳಿದೆ. ಅವರ ಮುಖ ಅರಳಿತು. ‘ದಾವಣಗೆರೆ ಸಾರ್! ಎಲ್ಲಿದ್ದಾರೆ ಈಗ? ಬೇರೆ ಕಡೆ ಹಾಕಿದರು ಅಂತ ಎಣಿಸಿದೆವು.’

ನಾನು ಹೇಳಿದೆ. ಅವರು ಹೆಗಲ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ‘ನಮಗೆ ಗೊತ್ತೇ ಇಲ್ಲ ಅಮ್ಮ’ ಎಂದರು. ಬೆಳಗಿನಿಂದ ಹಲ್ಲು ಕಚ್ಚಿ ಇಟ್ಟುಕೊಂಡಿದ್ದ ಕೋಪವನ್ನು ಯಾರ ಮೇಲೆ ಹಾಕಲಿ?

‘ಉಳಿದ ಗೆಳೆಯರು ಎಲ್ಲಿ?’ ಎಂದೆ.

‘ಗೆಳೆಯರಾ? ಸಾರ್ ಒಬ್ಬರೇ ಅಲ್ವಾ ಕೂರುತ್ತಿದ್ದದ್ದು. ಅಗೋ, ಆ ಮೂಲೆಯ ಮೇಜು.’

‘ಮತ್ತೆ ಫೋನಿನಲ್ಲಿ ಅಷ್ಟು ಗದ್ದಲ?’

ಸದಾನಂದ ನೆಲ ನೋಡಿದರು. ‘ನಿಮ್ಮ ಫೋನು ಬಂದಾಗ ಸಾರ್ ಕೈ ಎತ್ತುತ್ತಿದ್ದರು. ಕೈ ಎತ್ತಿದರೆ ನಾನು ಕೆಲಸ ಬಿಟ್ಟು ಹೋಗಿ ಹತ್ತಿರ ನಿಂತು ಜೋರು ಮಾತಾಡಬೇಕು, ನಗಬೇಕು. ಪಕ್ಕದ ಮೇಜಿನವರೂ ಸೇರುತ್ತಿದ್ದರು. ನಮಗೆ ಅದೊಂದು ತಮಾಷೆ. “ನಾನು ಒಬ್ಬನೇ ಇದ್ದೇನೆ ಅಂತ ಗೊತ್ತಾದರೆ ಅವಳಿಗೆ ಅನ್ನ ಇಳಿಯುವುದಿಲ್ಲ” ಅಂತ ಸಾರ್ ಹೇಳುತ್ತಿದ್ದರು. ಫೋನ್ ಇಟ್ಟ ಮೇಲೆ ಮತ್ತೆ ಮಾತಿಲ್ಲ.’

ಆ ಮೂಲೆಯ ಮೇಜಿಗೆ ಹೋಗಿ ಕೂತೆ. ಎದುರಿಗೆ ಗೋಡೆ, ಗೋಡೆಯ ಮೇಲೆ ಒಂದು ಟಿ.ವಿ. ಇಷ್ಟು ವರ್ಷ ಇವರು ನೋಡಿದ್ದು ಇದನ್ನೇ. ದುಃಖ ಒತ್ತರಿಸಿ ಬಂತು. ಟೆಂಪೋ ಓಡಿಸುವವರಂತೆ ಕಂಡ ಪಕ್ಕದ ಮೇಜಿನ ಇಬ್ಬರು ತಮ್ಮ ಗ್ಲಾಸುಗಳನ್ನು ಆಚೆ ಸರಿಸಿಕೊಂಡು, ನನ್ನ ಕಡೆ ನೋಡದೆ ಕೂತರು.

ಕೇಳದೆಯೇ ಚಾಪ್ಸಿ ಬಂತು. ಕರಿದ ನೂಡಲ್ಸಿನ ಗೂಡು, ಮೇಲೆ ಕೆಂಪನೆಯ ಗೊಜ್ಜು, ಎಲೆಕೋಸು, ಕ್ಯಾರೆಟ್ಟು. ‘ಸಾರ್‌ಗೆ ಮಾಡುತ್ತಿದ್ದ ಹಾಗೆಯೇ, ಮೊಟ್ಟೆ ಹಾಕಲಿಲ್ಲ’ ಎಂದರು ಸದಾನಂದ. ಸಿಹಿ, ಹುಳಿ, ಮಕ್ಕಳು ಇಷ್ಟಪಡುವಂಥ ರುಚಿ. ಮೊದಲು ಗರಿಗರಿ, ಗೊಜ್ಜು ಇಳಿದಂತೆ ಮೆತ್ತಗಾಗುತ್ತ ಬಂತು. ನಿಧಾನವಾಗಿ ತಿಂದೆ.

ಅರ್ಧ ತಿಂದಿರಬೇಕು, ಫೋನು ಹೊಡೆದುಕೊಂಡಿತು. ಸುಮಾ.

‘ಅಮ್ಮಾ, ಬೆಳಗಿಂದ ಒಂದು ಫೋನಿಲ್ಲ. ಒಬ್ಬಳೇ ಊಟಕ್ಕೆ ಕೂತಿದೀಯಾ?’

ಅತ್ತ ಗಲ್ಲಾದ ಹತ್ತಿರ ಸದಾನಂದ ಯಾರಿಗೋ ನೀರು ತುಂಬುತ್ತಿದ್ದರು. ನಾನು ಕೈ ಎತ್ತಿದೆ.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಜಗ್ಗನ್ನು ಅಲ್ಲೇ ಇಟ್ಟು ಬಂದು ಪಕ್ಕದಲ್ಲಿ ನಿಂತು, ‘ಎಂತ ಅಕ್ಕ, ಅರ್ಧಕ್ಕೇ ಬಿಟ್ಟಿರಿ? ದಾವಣಗೆರೆಯವರ ಹೊಟ್ಟೆ ಇಷ್ಟೆಯಾ ಮಾರಾಯ್ರೆ!’ ಎಂದು ಇಡೀ ಬಾರಿಗೆ ಕೇಳುವಂತೆ ಕೂಗಿದರು. ಟೆಂಪೋದವರಿಬ್ಬರೂ ಜೋರಾಗಿ ನಕ್ಕರು. ಅವರಲ್ಲೊಬ್ಬ ಮೇಜು ಕುಟ್ಟಿದ.

‘ಏನಮ್ಮಾ ಅದು ಗದ್ದಲ?’ ಎಂದಳು ಸುಮಾ.

‘ನಿಮ್ಮಪ್ಪನ ಗೆಳೆಯರು’ ಎಂದೆ. ‘ಎಲ್ಲ ಕೂತಿದೀವಿ. ನೀನೇನೂ ಚಿಂತೆ ಮಾಡಬೇಡ.’