ಅಷ್ಟೇನೂ ಕೆಟ್ಟದಾಗಿಲ್ಲ

ನನ್ನ ತಮ್ಮ ಆಸ್ಮುಂಡನ ಹೆಂಡತಿ ಯೋರುನ್ ಗಟ್ಟಿಹಾಲಿಗೆ ಹೆಪ್ಪು ಹಾಕಿದರೆ ಅದರಲ್ಲಿ ಚಮಚ ನೆಟ್ಟಗೆ ನಿಲ್ಲುತ್ತಿತ್ತು. ನಮ್ಮ ರೋರೋಸ್ ಪಟ್ಟಣದ ಸುತ್ತಮುತ್ತ ಅಂಥ ಕೈ ಇನ್ನೊಂದಿಲ್ಲ. ಅವಳ ಬಾಯಲ್ಲಿ ಸದಾ ಒಂದೇ ಮಾತು. ಹಿಮದ ಭಾರಕ್ಕೆ ಕೊಟ್ಟಿಗೆಯ ಮಾಡು ಕುಸಿದಾಗಲೂ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಷ್ಟೇನೂ ಕೆಟ್ಟದಾಗಿಲ್ಲ" ಎಂದವಳು. ನಮ್ಮ ಕಣಿವೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತೇವೆ. ಅದಕ್ಕಿಂತ ಹೆಚ್ಚಿಗೆ ಬಾಯಿಬಿಟ್ಟವಳಿಗೆ ಗೋಳುಬುರುಕಿ ಎಂಬ ಹೆಸರು ಗ್ಯಾರಂಟಿ.

ಮೊದಲ ಬಸಿರು, ಏಳನೇ ತಿಂಗಳು. ಅವಳ ಕಾಲಿನ ತುಂಬ ನೀಲಿ ಕಲೆಗಳನ್ನು ಕಂಡು ಕೇಳಿದೆ.

"ಹಸು ಒದೀತು," ಎಂದಳು.

"ಯಾವ ಹಸು?"

"ಡಾಗ್ರೋಸ್."

"ಡಾಗ್ರೋಸ್ ಒಂದು ನೊಣಾನೂ ಒದ್ದಿಲ್ಲ ಕಣೆ. ಡಾಕ್ಟರಿಗೆ ತೋರಿಸು."

"ಹೋಗಿದ್ದೆ, ಓಡ್ನಿ ಅಕ್ಕಾ. ಹೇಗಿದೀಯ ಅಂದ್ಲು, ಅಷ್ಟೇನೂ ಕೆಟ್ಟದಾಗಿಲ್ಲ ಅಂದೆ. ಹಾಗಾದ್ರೆ ಸರಿ ಅಂದ್ಲು."

ಆ ಡಾಕ್ಟರೂ ಇಲ್ಲೇ ಹುಟ್ಟಿ ಬೆಳೆದವಳು. ಇನ್ನೇನು ಕೇಳಿಯಾಳು?

ಅದೇ ವಾರ ಒಂದು ಬೆಳಿಗ್ಗೆ ಕಾಫಿಗೆ ಕೂತಿದ್ದೆವು. ಆಸ್ಮುಂಡ್ ಬೆಣ್ಣೆ ಕೇಳಿದ. "ಸೋಮವಾರನ ಒಣಗೋಕೆ ಹಾಕಿದೀನಿ," ಎಂದಳು ಯೋರುನ್. ಅವನು ನಕ್ಕ, ನಾನೂ ನಕ್ಕೆ. ಆಮೇಲೆ ಅವಳ ಬಾಯಿಯ ಒಂದು ಬದಿ ಜೋತುಬಿದ್ದದ್ದು ಕಂಡಿತು. ಬಿಸಿ ಕಾಫಿ ಮಡಿಲಿಗೆ ಚೆಲ್ಲಿದರೂ ಅವಳಿಗೆ ಗೊತ್ತಾಗಲಿಲ್ಲ. ನಾನು ಫೋನಿಗೆ ಓಡಿದೆ. ಸ್ವಲ್ಪ ಹೊತ್ತಿನಲ್ಲೇ ಹೆಲಿಕಾಪ್ಟರ್ ಹುಲ್ಲುಗಾವಲಿಗೆ ಇಳಿದು ಅವಳನ್ನು ಟ್ರಾಂಡ್‌ಹೈಮಿನ ದೊಡ್ಡಾಸ್ಪತ್ರೆಗೆ ಹೊತ್ತೊಯ್ದಿತು.

ಆಸ್ಪತ್ರೆಯ ರಕ್ತದ ಡಾಕ್ಟರ್ ಸಿಸಿಲಿಯೆ ಹೊರಗೆ ಬಂದಾಗ ನಾನೇ ಬಾಯಿ ಹಾಕಿದೆ. "ರಕ್ತ ಹೆಪ್ಪುಗಟ್ತಿಲ್ಲ, ಅದಕ್ಕೇ ತಾನೇ ಆ ಕಲೆ? ಹೆಪ್ಪುಗಟ್ಟೋಕೆ ಏನಾದ್ರೂ ಕೊಡು."

"ಉಲ್ಟಾ," ಎಂದಳು. "ಸಣ್ಣ ಸಣ್ಣ ರಕ್ತನಾಳಗಳಲ್ಲೆಲ್ಲ ಹೆಪ್ಪುಗಟ್ತಿದೆ. ಮಿದುಳಲ್ಲಿ, ಮೂತ್ರಪಿಂಡದಲ್ಲಿ, ಮಗುವಿನ ಮಾಸಿನಲ್ಲಿ. ಹೆಪ್ಪುಗಟ್ಟಿಸೋ ಕಣಗಳೆಲ್ಲ ಅಲ್ಲೇ ಖರ್ಚಾಗಿ ಹೋಗ್ತವೆ, ಚರ್ಮದಡಿ ಬೇಕಾದಾಗ ಉಳಿದಿರಲ್ಲ. ಅದಕ್ಕೇ ಕಲೆ. ಇದನ್ನ ತಡೆಯೋ ಒಂದು ಅಂಶ ಅವಳ ರಕ್ತದಲ್ಲಿ ಹುಟ್ಟಿನಿಂದ್ಲೇ ಇಲ್ಲ. ಬೇರೆಯವರ ಪ್ಲಾಸ್ಮಾದಲ್ಲಿ, ಅಂದ್ರೆ ರಕ್ತದ ತಿಳಿಯಲ್ಲಿ, ಇರುತ್ತೆ, ಅದನ್ನ ಕೊಡ್ತಿದೀವಿ."

ಒಂದು ಚಮಚ ಹೆಪ್ಪು ಪಾತ್ರೆ ತುಂಬ ಹಾಲನ್ನು ಏನು ಮಾಡುತ್ತದೆಂದು ನನಗೆ ಗೊತ್ತು.

"ತುಂಬಾ ಅಪರೂಪದ ಕಾಯಿಲೆ, ಮನೆತನದಲ್ಲಿ ಬರೋದು," ಎಂದಳು ಸಿಸಿಲಿಯೆ. "ಮನೇಲಿ ಯಾರಾದ್ರೂ ಬಸಿರಲ್ಲಿ ತೀರ್ಕೊಂಡಿದಾರಾ?"

ಯೋರುನಳ ತಾಯಿ ಬೋರ್ಗ್‌ಹಿಲ್ಡ್ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದಳು. "ನನ್ನ ತಂಗಿ," ಎಂದಳು. "ಅವಳಿಗೂ ಕಲೆ ಇತ್ತು. ಸ್ವಲ್ಪ ಸುಸ್ತು ಅಷ್ಟೇ ಅಂತ ಮಲಗಿದ್ಲು. ಏಳಲಿಲ್ಲ." ಆ ಸಾವಿನ ಕಾರಣ ಆ ಮನೆಗೆ ಗೊತ್ತಾದದ್ದು ಅಂದು, ಆ ಬೆಂಚಿನ ಮೇಲೆ. ಮುದುಕಿ ನನ್ನ ತೋಳು ಹಿಡಿದುಕೊಂಡಳು.

ಪ್ಲಾಸ್ಮಾ ಯೋರುನಳನ್ನು ಉಳಿಸಿತು. ಮಗುವಿನ ಪಾಲಿಗೆ ತಡವಾಗಿತ್ತು. ಹೆಣ್ಣು ಮಗು.

ಅವಳಿಗೆ ಮಾತು ಮರಳಿದ ದಿನ ನಾವೆಲ್ಲ ಮಂಚದ ಸುತ್ತ ನಿಂತಿದ್ದೆವು. ಸಿಸಿಲಿಯೆಯೂ ಎಲ್ಲರೂ ಕೇಳುವ ಮಾತನ್ನೇ ಕೇಳಿದಳು, "ಹೇಗಿದೀಯ?"

ಯೋರುನ್ ಬಾಯಿ ತೆರೆದಳು. ಯಾವ ಮಾತು ಬರುತ್ತದೆಂದು ನಮಗೆಲ್ಲ ಗೊತ್ತಿತ್ತು. ಆಸ್ಮುಂಡನಂತೂ ಆಗಲೇ ತಲೆಯಾಡಿಸತೊಡಗಿದ್ದ.

"ಕೆಟ್ಟದಾಗಿದೆ," ಎಂದಳು. "ತುಂಬಾ ಕೆಟ್ಟದಾಗಿದೆ."

ಆಸ್ಮುಂಡನ ತಲೆಯಾಟ ನಿಂತಿತು. ಅದಕ್ಕೆ ಏನು ಅನ್ನಬೇಕೆಂದು ನಮ್ಮ ಕಣಿವೆಯವರಿಗೆ ಗೊತ್ತಿಲ್ಲ. ಸಿಸಿಲಿಯೆ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತಳು.

"ಹೇಳು," ಎಂದಳು.